ವಿದ್ಯಾನಗರದ ಭಾನುವಾರದ ಮನೆಪಾಠ: ಕೆಮಿಕಲ್ ಕೈನೆಟಿಕ್ಸ್ ಕಲಿಯಲು ಅಲ್ಲಿಗೆ ಹೋಗಬಹುದೇ?

ದಾವಣಗೆರೆಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುವ ಮಕ್ಕಳಿಗೆ ಟ್ಯೂಷನ್ನಿನ ಕೊರತೆಯಿಲ್ಲ. ಪಿ.ಜೆ. ಬಡಾವಣೆಯಿಂದ ಶಾಮನೂರು ರಸ್ತೆಯವರೆಗೆ ಯಾವ ಬೀದಿಗೆ ಹೋದರೂ ನೀಟ್, ಜೆಇಇ, ಸಿಇಟಿ ಎಂದು ಬರೆದ ಫಲಕಗಳು ಕಣ್ಣಿಗೆ ಬೀಳುತ್ತವೆ. ಇವುಗಳ ನಡುವೆ, ವಿದ್ಯಾನಗರದ ಕೊನೆಯ ಬಸ್ ನಿಲ್ದಾಣದ ಆಸುಪಾಸಿನಲ್ಲಿ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿಯೊಬ್ಬರು ತಮ್ಮ ಮನೆಯ ಮಹಡಿಯ ಮೇಲೆ ನಡೆಸುತ್ತಿರುವ ಪಾಠ ಬೇರೆಯೇ ಬಗೆಯದು. ಅವರು ಇಡೀ ಪಠ್ಯವನ್ನು ಮುಗಿಸಿಕೊಡುವ ಭರವಸೆ ಕೊಡುವುದಿಲ್ಲ. ಮಕ್ಕಳಿಗೆ ಕಷ್ಟವೆನಿಸುವ ಒಂದೊಂದೇ ಅಧ್ಯಾಯವನ್ನು ಕೈಗೆತ್ತಿಕೊಂಡು, ಭಾನುವಾರದ ಬೆಳಿಗ್ಗೆ ಮಾತ್ರ, ಅದು ಅರ್ಥವಾಗುವವರೆಗೆ ಹೇಳಿಕೊಡುತ್ತಾರೆ. ಮನೆಯ ಮುಂದೆ ಫಲಕವಿಲ್ಲ, ಜಾಹೀರಾತು ಅವರಿಗೆ ಬೇಕಿಲ್ಲ, ಆದ್ದರಿಂದ ಹೆಸರನ್ನು ನಾನೂ ಬರೆಯುತ್ತಿಲ್ಲ. ಆ ಭಾಗದ ಪಿಯುಸಿ ಮಕ್ಕಳನ್ನು ಕೇಳಿದರೆ ಮನೆ ತೋರಿಸುತ್ತಾರೆ. ನನ್ನ ಅಕ್ಕನ ಮಗಳು ಕೆಮಿಕಲ್ ಕೈನೆಟಿಕ್ಸ್, ಅಂದರೆ ರಾಸಾಯನಿಕ ಕ್ರಿಯೆಗಳ ವೇಗವನ್ನು ಕುರಿತ ಅಧ್ಯಾಯಕ್ಕೆ ಅಲ್ಲಿ ಸೇರಿದಾಗ, ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ್ದ ನಾನು ಮೇಡಂ ಅವರ ಒಪ್ಪಿಗೆ ಪಡೆದು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆ. ಮಕ್ಕಳನ್ನು ಕಳುಹಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಪೋಷಕರಿಗೆ ಅನುಕೂಲವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಈ ಅಧ್ಯಾಯದಲ್ಲಿ ಮಕ್ಕಳು ಎಡವುವ ಜಾಗ ಒಂದೇ, ಆದರೆ ಅದು ಬುಡದಲ್ಲೇ ಇದೆ. ಸಮತೋಲಗೊಳಿಸಿದ ಸಮೀಕರಣದಲ್ಲಿ ಪ್ರತಿವರ್ತಕಗಳ (ಕ್ರಿಯೆಗೆ ಇಳಿಯುವ ವಸ್ತುಗಳ) ಹಿಂದೆ, ಅಂದರೆ ಎಡಕ್ಕೆ, ಬರುವ ಅಂಕಿಗಳನ್ನೇ ನೇರವಾಗಿ ಎತ್ತಿಕೊಂಡು ವೇಗ ನಿಯಮದಲ್ಲಿ, ಅಂದರೆ ಕ್ರಿಯೆಯ ವೇಗ ಪ್ರತಿವರ್ತಕಗಳ ಸಾರತೆಯನ್ನು (ಒಂದು ಲೀಟರಿನಲ್ಲಿ ಎಷ್ಟಿವೆ ಎಂಬುದನ್ನು) ಹೇಗೆ ಅವಲಂಬಿಸಿದೆ ಎಂದು ಹೇಳುವ ಸೂತ್ರದಲ್ಲಿ, ಘಾತಗಳನ್ನಾಗಿ ಇಟ್ಟುಬಿಡುತ್ತಾರೆ. ನಮ್ಮ ಹುಡುಗಿ ಇದಕ್ಕೂ ಮೊದಲು ಹೋಗುತ್ತಿದ್ದ ದೊಡ್ಡ ಕೋಚಿಂಗ್ ಸಂಸ್ಥೆಯಲ್ಲಿ ಇದನ್ನೇ ಶಾರ್ಟ್‌ಕಟ್ ಎಂದು ಬರೆಸಿದ್ದರು. ಒಂದೇ ಹಂತದಲ್ಲಿ ಮುಗಿಯುವ ಕ್ರಿಯೆಗಳಿಗೆ ಮಾತ್ರ ಅದು ಸಲ್ಲುತ್ತದೆ ಎಂಬ ಷರತ್ತು ಅವಳ ನೋಟ್ಸಿನಲ್ಲಿ ಎಲ್ಲಿಯೂ ಇರಲಿಲ್ಲ. ಡೈನೈಟ್ರೋಜನ್ ಪೆಂಟಾಕ್ಸೈಡಿನ ವಿಭಜನೆಯ ಸಮೀಕರಣದಲ್ಲಿ ಅದರ ಹಿಂದೆ 2 ಎಂಬ ಅಂಕಿಯಿದೆ, ಆದರೂ ಪ್ರಯೋಗದಲ್ಲಿ ಆ ಕ್ರಿಯೆಯ ಆರ್ಡರ್, ಅಂದರೆ ವೇಗ ನಿಯಮದಲ್ಲಿ ಬರುವ ಘಾತ, 1 ಎಂದೇ ಕಂಡುಬರುತ್ತದೆ. ಶಾರ್ಟ್‌ಕಟ್ ನಂಬಿದ ಮಗು ಇಲ್ಲಿ ತಪ್ಪು ಉತ್ತರ ಬರೆಯುವುದಷ್ಟೇ ಅಲ್ಲ, ವೇಗ ನಿಯಮ ಎಂಬುದು ಕಾಗದದ ಮೇಲಿನ ಲೆಕ್ಕದಿಂದ ಹುಟ್ಟುವ ವಸ್ತು ಎಂದೇ ತಿಳಿದು ಮುಂದಿನ ಪಾಠವನ್ನೆಲ್ಲ ಆ ಭ್ರಮೆಯ ಮೇಲೆ ಕಟ್ಟಿಕೊಳ್ಳುತ್ತದೆ.

ಮೇಡಂ ಪಾಠ ಶುರುಮಾಡಿದ್ದು ವ್ಯಾಖ್ಯೆಯಿಂದಲೂ ಅಲ್ಲ, ಸೂತ್ರದಿಂದಲೂ ಅಲ್ಲ. ಹಲಗೆಯ ಮೇಲೆ ನೈಟ್ರಿಕ್ ಆಕ್ಸೈಡ್ ಮತ್ತು ಹೈಡ್ರೋಜನ್ ಸೇರಿ ನೈಟ್ರೋಜನ್ ಹಾಗೂ ನೀರು ಆಗುವ ಕ್ರಿಯೆಯನ್ನು ಬರೆದು, ಎರಡೂ ಪ್ರತಿವರ್ತಕಗಳ ಹಿಂದೆ 2 ಎಂಬ ಅಂಕಿ ಹಾಕಿ, ಅದರ ಕೆಳಗೆ ಒಂದು ಕೋಷ್ಟಕ ಎಳೆದರು. ಮೊದಲ ಸಾಲಿನಲ್ಲಿ ಎರಡರ ಸಾರತೆಯೂ 0.10. ಎರಡನೆಯ ಸಾಲಿನಲ್ಲಿ ಹೈಡ್ರೋಜನ್ ಮಾತ್ರ 0.20 ಆಗಿದೆ, ವೇಗ ಎರಡು ಪಟ್ಟಾಗಿದೆ. ಮೂರನೆಯ ಸಾಲಿನಲ್ಲಿ ಹೈಡ್ರೋಜನ್ ಮೊದಲಿನಷ್ಟೇ ಇದ್ದು ನೈಟ್ರಿಕ್ ಆಕ್ಸೈಡ್ 0.20 ಆಗಿದೆ, ವೇಗ ನಾಲ್ಕು ಪಟ್ಟಾಗಿದೆ. ನಾಲ್ಕನೆಯ ಸಾಲಿನಲ್ಲಿ ನೈಟ್ರಿಕ್ ಆಕ್ಸೈಡ್ 0.30, ಹೈಡ್ರೋಜನ್ 0.20, ವೇಗದ ಜಾಗ ಖಾಲಿ. "ಸೂತ್ರ ಯಾರೂ ಹೇಳಬೇಡಿ. ಅಂಕಿ ನೋಡ್ರಪ್ಪ, ಅವೇ ಹೇಳ್ತಾವೆ" ಎಂದಷ್ಟೇ ಹೇಳಿ ಅವರು ಕುರ್ಚಿಯಲ್ಲಿ ಕುಳಿತರು. ಸಾಕಷ್ಟು ಹೊತ್ತು ಸದ್ದಿರಲಿಲ್ಲ. ಕೊನೆಗೆ ಜಗಳೂರಿನಿಂದ ಬರುವ ಒಬ್ಬ ಹುಡುಗ ಎದ್ದು, ಒಂದರಿಂದ ಒಂಬತ್ತು ಪಟ್ಟು, ಇನ್ನೊಂದರಿಂದ ಎರಡು ಪಟ್ಟು, ಒಟ್ಟು ಹದಿನೆಂಟು ಪಟ್ಟು ಎಂದ. ನೈಟ್ರಿಕ್ ಆಕ್ಸೈಡಿಗೆ ಆರ್ಡರ್ 2, ಹೈಡ್ರೋಜನ್ನಿಗೆ 1, ಒಟ್ಟು 3 ಎಂಬುದನ್ನು ಅನಂತರ ಅವನ ಬಾಯಿಂದಲೇ ಹೇಳಿಸಿದರು. ಸಮೀಕರಣದ ಅಂಕಿಗಳನ್ನು ಕೂಡಿದರೆ 4 ಬರುತ್ತದಲ್ಲ, ಒಂದು ಹೈಡ್ರೋಜನ್ ಎಲ್ಲಿ ಹೋಯಿತು ಎಂದು ಕೇಳಿ, ಉತ್ತರ ಕೊಡದೆ ಅಂದಿನ ಪಾಠ ಮುಗಿಸಿದರು. ಮುಂದಿನ ಭಾನುವಾರದವರೆಗೂ ಮಕ್ಕಳು ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ತಿರುಗಿದರು ಎಂಬುದನ್ನು ನಮ್ಮ ಮನೆಯಲ್ಲಿಯೇ ಕಂಡೆ. ಈ ಒಂದು ತರಗತಿಗಾಗಿಯೇ ಕೊಟ್ಟ ಹಣ ಸಾರ್ಥಕ ಎಂದು ನಾನು ಹೇಳಬಲ್ಲೆ.

ಎರಡನೆಯ ತರಗತಿಯ ವಿಷಯ ಕ್ರಿಯೆ ನಡೆಯುವ ದಾರಿ, ಅಂದರೆ ಮೆಕ್ಯಾನಿಸಂ. ಅಣುಗಳು ಸಮೀಕರಣದಲ್ಲಿ ಬರೆದಂತೆ ಒಮ್ಮೆಗೇ ಒಟ್ಟುಗೂಡುವುದಿಲ್ಲ. ನಾಲ್ಕು ಅಣುಗಳು ಒಂದೇ ಕ್ಷಣದಲ್ಲಿ, ಸರಿಯಾದ ದಿಕ್ಕಿನಲ್ಲಿ, ಸಾಕಷ್ಟು ಶಕ್ತಿಯೊಂದಿಗೆ ಡಿಕ್ಕಿ ಹೊಡೆಯುವ ಸಂಭವ ಇಲ್ಲವೆಂದೇ ಹೇಳಬೇಕು. ಆದ್ದರಿಂದ ಕ್ರಿಯೆ ಸಣ್ಣ ಸಣ್ಣ ಹಂತಗಳಲ್ಲಿ ಸಾಗುತ್ತದೆ, ಆ ಹಂತಗಳಲ್ಲಿ ಅತಿ ನಿಧಾನವಾದದ್ದು ಒಟ್ಟು ವೇಗವನ್ನು ನಿರ್ಧರಿಸುತ್ತದೆ. ಇದಕ್ಕೆ ಮೇಡಂ ಆರಿಸಿಕೊಂಡ ಹೋಲಿಕೆ ದಾವಣಗೆರೆಯವರೆಲ್ಲ ಕಾದು ಕಾದು ಬಲ್ಲ ಅಶೋಕ ರಸ್ತೆಯ ರೈಲ್ವೆ ಗೇಟಿನದು. ಗೇಟು ದಾಟಿದ ಮೇಲಿನ ರಸ್ತೆ ಎಷ್ಟೇ ಅಗಲವಾಗಿದ್ದರೂ ಅಲ್ಲಿಗೆ ಬರುವ ಗಾಡಿಗಳ ಸಂಖ್ಯೆ ಗೇಟಿನಲ್ಲಿಯೇ ತೀರ್ಮಾನವಾಗುತ್ತದೆ. ಈ ಮಾತನ್ನು ಅವರು ನೈಟ್ರೋಜನ್ ಡೈಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಕ್ರಿಯೆಗೆ ಚೆನ್ನಾಗಿ ಹೊಂದಿಸಿದರು. ಕಡಿಮೆ ತಾಪದಲ್ಲಿ ಈ ಕ್ರಿಯೆಯ ವೇಗ ನೈಟ್ರೋಜನ್ ಡೈಆಕ್ಸೈಡಿನ ಸಾರತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ, ಕಾರ್ಬನ್ ಮಾನಾಕ್ಸೈಡನ್ನು ಹೆಚ್ಚಿಸಿದರೆ ವೇಗ ಹೆಚ್ಚುವುದಿಲ್ಲ. ಏಕೆಂದರೆ ನಿಧಾನದ ಮೊದಲ ಹಂತದಲ್ಲಿ ಎರಡು ನೈಟ್ರೋಜನ್ ಡೈಆಕ್ಸೈಡ್ ಅಣುಗಳು ಮಾತ್ರ ಡಿಕ್ಕಿಯಾಗಿ, ಒಂದು ಮತ್ತೊಂದಕ್ಕೆ ಆಕ್ಸಿಜನ್ ಪರಮಾಣುವನ್ನು ಕೊಟ್ಟು, ನೈಟ್ರೋಜನ್ ಟ್ರೈಆಕ್ಸೈಡ್ ಹಾಗೂ ನೈಟ್ರಿಕ್ ಆಕ್ಸೈಡ್ ಆಗುತ್ತವೆ. ಕಾರ್ಬನ್ ಮಾನಾಕ್ಸೈಡ್ ಬರುವುದು ವೇಗದ ಎರಡನೆಯ ಹಂತದಲ್ಲಿ, ಗೇಟು ದಾಟಿದ ಮೇಲೆ. ಆರ್ಡರ್ ಸೊನ್ನೆ ಎಂದರೆ ಆ ವಸ್ತು ಕ್ರಿಯೆಯಲ್ಲಿ ಭಾಗವಹಿಸುವುದೇ ಇಲ್ಲ ಎಂದುಕೊಂಡಿದ್ದ ಮಕ್ಕಳಿಗೆ ಇದರಿಂದ ದೊಡ್ಡ ಗೊಂದಲ ಬಗೆಹರಿಯಿತು.

ಆದರೆ ಇದೇ ಹೋಲಿಕೆ ನೈಟ್ರಿಕ್ ಆಕ್ಸೈಡ್ ಮತ್ತು ಹೈಡ್ರೋಜನ್ ಪ್ರಶ್ನೆಗೆ ಮರಳಿದಾಗ ಸಾಕಾಗಲಿಲ್ಲ, ನನ್ನ ಮೊದಲ ಆಕ್ಷೇಪವೂ ಇಲ್ಲಿಯೇ ಇದೆ. ಆ ಕ್ರಿಯೆಗೆ ಸಾಮಾನ್ಯವಾಗಿ ಕೊಡುವ ದಾರಿಯಲ್ಲಿ ನಿಧಾನದ ಹಂತ ಮೊದಲನೆಯದಲ್ಲ. ಮೊದಲು ಎರಡು ನೈಟ್ರಿಕ್ ಆಕ್ಸೈಡ್ ಅಣುಗಳು ಬೇಗನೆ ಸೇರಿ ಜೋಡಿಯಾಗುತ್ತವೆ, ಅಷ್ಟೇ ಬೇಗ ಬಿಡಿಯೂ ಆಗುತ್ತವೆ. ಈ ಸಮತೋಲದಲ್ಲಿ ಯಾವ ಹೊತ್ತಿಗೂ ಇರುವ ಜೋಡಿಗಳ ಪ್ರಮಾಣ ನೈಟ್ರಿಕ್ ಆಕ್ಸೈಡ್ ಸಾರತೆಯ ವರ್ಗಕ್ಕೆ ತಕ್ಕಂತಿರುತ್ತದೆ. ಆ ಜೋಡಿಗೆ ಒಂದು ಹೈಡ್ರೋಜನ್ ಅಣು ತಾಗುವುದು ನಿಧಾನದ ಹಂತ, ಅದರಿಂದ ನೈಟ್ರಸ್ ಆಕ್ಸೈಡ್ ಮತ್ತು ನೀರು ಬರುತ್ತವೆ. ಎರಡನೆಯ ಹೈಡ್ರೋಜನ್ ಅದಕ್ಕೂ ಮುಂದಿನ ವೇಗದ ಹಂತದಲ್ಲಿ ನೈಟ್ರಸ್ ಆಕ್ಸೈಡಿನೊಡನೆ ಸೇರುವುದರಿಂದ ವೇಗ ನಿಯಮದಲ್ಲಿ ಅದರ ಸುಳಿವಿರುವುದಿಲ್ಲ. ಕಾಣೆಯಾದ ಹೈಡ್ರೋಜನ್ ಸಿಕ್ಕಿತು, ಸರಿ. ಆದರೆ ಮಧ್ಯಂತರ ವಸ್ತುವಾದ, ಅಂದರೆ ನಡುವೆ ಹುಟ್ಟಿ ಮುಂದಿನ ಹಂತದಲ್ಲಿ ಬಳಕೆಯಾಗಿಬಿಡುವ, ಜೋಡಿಯ ಸಾರತೆಯನ್ನು ವೇಗ ನಿಯಮದಿಂದ ತೆಗೆದುಹಾಕಿ, ಸಮತೋಲ ಸ್ಥಿರಾಂಕದ ಮೂಲಕ ಮೂಲ ಪ್ರತಿವರ್ತಕಗಳಲ್ಲಿ ಬರೆಯುವ ಮೆಟ್ಟಿಲನ್ನು ಮೇಡಂ ಎರಡೇ ಸಾಲಿನಲ್ಲಿ ಹತ್ತಿ ಮುಗಿಸಿದರು. ಮುಂದಿನ ಬೆಂಚಿನ ನಾಲ್ಕೈದು ಮಕ್ಕಳು ತಲೆಯಾಡಿಸಿದರು, ಉಳಿದವರು ಬರೆದುಕೊಂಡರು. ಜೆಇಇ ಬರೆಯುವವರಿಗೆ ಇದು ಅತಿ ಮುಖ್ಯವಾದ ಭಾಗ. ಇದಕ್ಕೆ ಒಂದು ಪೂರ್ತಿ ತರಗತಿಯನ್ನೇ ಮೀಸಲಿಡಬೇಕಿತ್ತು ಎಂದು ನನಗೆ ಬಲವಾಗಿ ಅನಿಸಿತು, ಪಾಠ ಮುಗಿದ ಮೇಲೆ ಅವರಿಗೇ ಹೇಳಿದೆ. ಪಿಯು ಪರೀಕ್ಷೆಗೆ ಅಷ್ಟು ಬೇಕಾಗುವುದಿಲ್ಲ ಎಂಬುದು ಅವರ ಸಮಾಧಾನ. ಪರೀಕ್ಷೆಯ ಮಟ್ಟಿಗೆ ಅವರ ಮಾತು ನಿಜವೇ ಇರಬಹುದು. ಪ್ರಶ್ನೆಯನ್ನು ಒಂದು ವಾರ ಮಕ್ಕಳ ತಲೆಯಲ್ಲಿ ಕುದಿಸಿದ ಮೇಲೆ ಉತ್ತರವನ್ನು ಅವಸರದಲ್ಲಿ ಬಡಿಸಬಾರದಿತ್ತು.

ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ಅದೇ ದಿನ ಅವರು ಹೇಳಿದ ಇನ್ನೊಂದು ಮಾತು. ಪ್ರಯೋಗದಿಂದ ಸಿಕ್ಕ ವೇಗ ನಿಯಮಕ್ಕೆ ಒಂದು ಮೆಕ್ಯಾನಿಸಂ ಹೊಂದಿಕೊಂಡ ಮಾತ್ರಕ್ಕೆ ಅದು ಸಾಬೀತಾಗುವುದಿಲ್ಲ, ಹೊಂದದಿದ್ದರೆ ಮಾತ್ರ ಅದನ್ನು ಖಚಿತವಾಗಿ ತಳ್ಳಿಹಾಕಬಹುದು. ಇದಕ್ಕೆ ಅವರು ಕೊಟ್ಟ ಉದಾಹರಣೆ ಹೈಡ್ರೋಜನ್ ಮತ್ತು ಅಯೋಡಿನ್ ಸೇರಿ ಹೈಡ್ರೋಜನ್ ಅಯೋಡೈಡ್ ಆಗುವ ಕ್ರಿಯೆ. ಜರ್ಮನಿಯ ಮ್ಯಾಕ್ಸ್ ಬೋಡೆನ್‌ಸ್ಟೈನ್ 19ನೆಯ ಶತಮಾನದ ಕೊನೆಯಲ್ಲಿ ಇದರ ವೇಗವನ್ನು ಬಹಳ ಎಚ್ಚರಿಕೆಯಿಂದ ಅಳೆದಿದ್ದರು. ಎರಡಕ್ಕೂ ಆರ್ಡರ್ ಒಂದೊಂದು ಎಂದು ಬಂದದ್ದರಿಂದ, ಒಂದು ಹೈಡ್ರೋಜನ್ ಅಣುವಿಗೆ ಒಂದು ಅಯೋಡಿನ್ ಅಣು ಡಿಕ್ಕಿಯಾಗಿ ಒಂದೇ ಹಂತದಲ್ಲಿ ಕ್ರಿಯೆ ಮುಗಿಯುತ್ತದೆ ಎಂದು ದಶಕಗಳ ಕಾಲ ಪಠ್ಯಗಳು ಹೇಳುತ್ತ ಬಂದವು. 1967ರಲ್ಲಿ ಅಮೆರಿಕದ ಜಾನ್ ಸಲಿವನ್, ಬೆಳಕಿನಿಂದ ಅಯೋಡಿನ್ ಅಣುಗಳನ್ನು ಪರಮಾಣುಗಳಾಗಿ ಒಡೆದು ಮಾಡಿದ ಪ್ರಯೋಗಗಳಲ್ಲಿ, ಕ್ರಿಯೆಯ ವೇಗ ಅಯೋಡಿನ್ ಪರಮಾಣುಗಳ ಸಾರತೆಯ ವರ್ಗಕ್ಕೆ ಅನುಗುಣವಾಗಿದೆ ಎಂದು ತೋರಿಸಿದ ಮೇಲೆ ಆ ಸರಳ ಚಿತ್ರ ಉಳಿಯಲಿಲ್ಲ. ಸ್ವಾರಸ್ಯವೆಂದರೆ ಎರಡೂ ಚಿತ್ರಗಳಿಂದ ಬರುವ ವೇಗ ನಿಯಮ ಒಂದೇ. ಇದೇ ಬೋಡೆನ್‌ಸ್ಟೈನ್ ಬ್ರೋಮಿನ್ ತೆಗೆದುಕೊಂಡು ಅಳೆದಾಗ ಸಿಕ್ಕಿದ್ದು ಛೇದದಲ್ಲಿಯೂ ಸಾರತೆಗಳಿರುವ ತೊಡಕಿನ ಸೂತ್ರ, ಅದಕ್ಕೆ ಸರಪಳಿ ಕ್ರಿಯೆಯ (ಒಂದು ಹಂತದಲ್ಲಿ ಹುಟ್ಟಿದ ಪರಮಾಣು ಮುಂದಿನ ಹಂತವನ್ನು ನಡೆಸುತ್ತ ಸಾಗುವ ಕ್ರಿಯೆಯ) ವಿವರಣೆ ಬರಲು 1919ರವರೆಗೆ ಕಾಯಬೇಕಾಯಿತು. ಅಯೋಡಿನ್ ಮತ್ತು ಬ್ರೋಮಿನ್ ಎರಡರ ಸಮೀಕರಣಗಳೂ ನೋಡಲು ಒಂದೇ ಥರ ಇವೆ ಎಂಬುದನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದಾಗ, ಸಮೀಕರಣ ನೋಡಿ ಆರ್ಡರ್ ಹೇಳುವ ಅಭ್ಯಾಸವನ್ನು ಬಿಡಿಸಲು ಬೇರೇನೂ ಬೇಕಾಗಲಿಲ್ಲ.

ಪ್ರಯೋಗದ ತರಗತಿ ನಡೆದದ್ದು ಮಹಡಿಯ ವರಾಂಡದಲ್ಲಿ. ಸೋಡಿಯಂ ಥಯೋಸಲ್ಫೇಟ್ ದ್ರಾವಣಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ಗಂಧಕದ ನುಣುಪಾದ ಕಣಗಳು ಹೊರಬಂದು ದ್ರಾವಣ ಮೆಲ್ಲಗೆ ಹಾಲಿನಂತಾಗುತ್ತದೆ. ಶಂಕುವಿನಾಕಾರದ ಫ್ಲಾಸ್ಕಿನ ಕೆಳಗೆ ಬಿಳಿ ಕಾಗದದ ಮೇಲೆ ಪೆನ್ನಿನಿಂದ ಗುಣಾಕಾರದ ಗುರುತು ಹಾಕಿಟ್ಟು, ಮೇಲಿನಿಂದ ನೋಡುತ್ತ, ಅದು ಮಾಯವಾಗಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದುಕೊಳ್ಳಬೇಕು. ಪಿಯು ಪ್ರಾಯೋಗಿಕ ಪಾಠಗಳಲ್ಲಿ ಇದು ಬರುವುದೇ, ಆದರೆ ಕಾಲೇಜುಗಳಲ್ಲಿ ಎಷ್ಟೋ ಮಕ್ಕಳು ಹಿಂದಿನವರ ರೆಕಾರ್ಡ್ ನೋಡಿ ರೀಡಿಂಗ್ ಬರೆದು ಮುಗಿಸುತ್ತಾರೆ. ಇಲ್ಲಿ ಪ್ರತಿ ಜೋಡಿಗೂ ಒಂದು ಫ್ಲಾಸ್ಕು ಸಿಕ್ಕಿತು. ಥಯೋಸಲ್ಫೇಟನ್ನು ಕಡಿಮೆ ಮಾಡಿದಾಗಲೆಲ್ಲ ಅಷ್ಟೇ ನೀರು ಸೇರಿಸಿ ಒಟ್ಟು ಗಾತ್ರವನ್ನು ಒಂದೇ ಸಮನಾಗಿ ಇಡಬೇಕು, ಇಲ್ಲದಿದ್ದರೆ ಆಮ್ಲದ ಸಾರತೆಯೂ ದ್ರಾವಣದ ಆಳವೂ ಬದಲಾಗಿ ಹೋಲಿಕೆ ಕೆಡುತ್ತದೆ ಎಂಬುದನ್ನು ಮೇಡಂ ಮೊದಲೇ ಹೇಳಲಿಲ್ಲ. ಒಂದು ಜೋಡಿ ನೀರು ಹಾಕುವುದನ್ನು ಬಿಟ್ಟು ಮಾಡಿದ ರೀಡಿಂಗ್ ಉಳಿದವರದಕ್ಕೆ ಹೊಂದದೇ ಹೋದಾಗ ಕಾರಣ ಹುಡುಕಿಸಿದರು. ಥಯೋಸಲ್ಫೇಟ್ ಅರ್ಧಕ್ಕಿಳಿದಾಗ ಗುರುತು ಮಾಯವಾಗಲು ಹಿಡಿದ ಹೊತ್ತು ಹೆಚ್ಚುಕಡಿಮೆ ಎರಡರಷ್ಟಾಯಿತು, ಆಮ್ಲದ ಪ್ರಮಾಣವನ್ನು ಬದಲಿಸಿದಾಗ ಅಷ್ಟಾಗಿ ವ್ಯತ್ಯಾಸ ಕಾಣಲಿಲ್ಲ. ಸಮೀಕರಣದಲ್ಲಿ ಆಮ್ಲದ ಹಿಂದೆಯೇ 2 ಇರುವುದನ್ನು ಯಾರೂ ನೆನಪಿಸಬೇಕಾಗಲಿಲ್ಲ, ಮಕ್ಕಳೇ ಬೆರಳಿಟ್ಟು ತೋರಿಸಿದರು. ಒಂದು ಎಚ್ಚರಿಕೆ: ಈ ಕ್ರಿಯೆಯಲ್ಲಿ ಸಲ್ಫರ್ ಡೈಆಕ್ಸೈಡ್ ಹೊರಬೀಳುತ್ತದೆ. ಗಾಳಿಯಾಡುವ ಜಾಗದಲ್ಲಿ, ಕಡಿಮೆ ಪ್ರಮಾಣದಲ್ಲಿ ಮಾಡಿಸಿದ್ದರಿಂದ ತೊಂದರೆಯಾಗಲಿಲ್ಲ, ಆದರೂ ಉಬ್ಬಸವಿರುವ ಮಕ್ಕಳ ಪೋಷಕರು ಮೊದಲೇ ತಿಳಿಸುವುದು ಒಳ್ಳೆಯದು.

ತಾಪ ಹೆಚ್ಚಿದಂತೆ ವೇಗ ಹೆಚ್ಚುವ ಪಾಠವೂ ಗಟ್ಟಿಯಾಗಿತ್ತು. ತಾಪ 10 ಡಿಗ್ರಿ ಏರಿದರೆ ವೇಗ ಎರಡು ಪಟ್ಟಾಗುತ್ತದೆ ಎಂಬ ಮಾತನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಮೇಡಂ ಅದನ್ನು ತಾಪಕ್ಕೂ ವೇಗಕ್ಕೂ ಇರುವ ಸಂಬಂಧ ತಿಳಿಸಲು ಸ್ವೀಡನ್ನಿನ ವಿಜ್ಞಾನಿ ಅರೀನಿಯಸ್ 1889ರಲ್ಲಿ ಕೊಟ್ಟ ಸಮೀಕರಣದಲ್ಲಿ ಇಟ್ಟು ಪರೀಕ್ಷಿಸಲು ಹೇಳಿದರು. 298ರಿಂದ 308 ಕೆಲ್ವಿನ್‌ಗೆ ಹೋದಾಗ ವೇಗ ಎರಡು ಪಟ್ಟಾಗಬೇಕಾದರೆ ಆಕ್ಟಿವೇಶನ್ ಎನರ್ಜಿ, ಅಂದರೆ ಕ್ರಿಯೆ ನಡೆಯಲು ಅಣುಗಳು ದಾಟಬೇಕಾದ ಶಕ್ತಿಯ ಮಟ್ಟ, ಮೋಲಿಗೆ ಸುಮಾರು 53 ಕಿಲೋಜೂಲ್ ಇರಬೇಕು. ಅದೇ 100 ಕಿಲೋಜೂಲ್ ಇದ್ದರೆ ವೇಗ ಸುಮಾರು 3.7 ಪಟ್ಟಾಗುತ್ತದೆ. ಆ ಬಾಯಿಪಾಠದ ಮಾತು ಎಲ್ಲ ಕ್ರಿಯೆಗಳಿಗೂ ಅನ್ವಯಿಸುವ ನಿಯಮವಲ್ಲ ಎಂಬುದು ಹೀಗೆ ಲೆಕ್ಕದಲ್ಲಿಯೇ ತಿಳಿಯಿತು. ನೀಟ್ ಮತ್ತು ಸಿಇಟಿಯಲ್ಲಿ ಕ್ಯಾಲ್ಕುಲೇಟರ್‌ಗೆ ಅವಕಾಶವಿಲ್ಲದ್ದರಿಂದ ಲಾಗರಿದಂಗಳನ್ನು ಅಂದಾಜಿನಲ್ಲಿ ಬಳಸುವುದನ್ನೂ ಅಭ್ಯಾಸ ಮಾಡಿಸಿದರು. ಇಲ್ಲಿ ಇನ್ನೊಂದು ಉದಾಹರಣೆ ಸೇರಬೇಕಿತ್ತು. ನೈಟ್ರಿಕ್ ಆಕ್ಸೈಡ್ ಆಕ್ಸಿಜನ್ನಿನೊಡನೆ ಸೇರುವ ಕ್ರಿಯೆ ತಾಪ ಹೆಚ್ಚಿದಂತೆ ನಿಧಾನವಾಗುತ್ತದೆ. ಅದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು, ಹಿಂದೆ ಹೇಳಿದ ಅದೇ ಜೋಡಿಗಳದು: ಬಿಸಿಯಲ್ಲಿ ಜೋಡಿಗಳು ಹೆಚ್ಚು ಬಿಡಿಯಾಗಿಬಿಡುವುದರಿಂದ ಮುಂದಿನ ಹಂತಕ್ಕೆ ಸಿಗುವುದು ಕಡಿಮೆ. ಮೆಕ್ಯಾನಿಸಂ ಪಾಠಕ್ಕೂ ತಾಪದ ಪಾಠಕ್ಕೂ ಇದಕ್ಕಿಂತ ಒಳ್ಳೆಯ ಕೊಂಡಿ ಸಿಗಲಾರದು.

ಸ್ಯೂಡೋ ಫಸ್ಟ್ ಆರ್ಡರ್ ಕ್ರಿಯೆಗಳಿಗೆ, ಅಂದರೆ ಪ್ರತಿವರ್ತಕಗಳಲ್ಲಿ ಒಂದು (ಇಲ್ಲಿ ನೀರು) ಧಾರಾಳವಾಗಿರುವುದರಿಂದ ಆರ್ಡರ್ 1 ಎಂಬಂತೆ ಕಾಣುವ ಕ್ರಿಯೆಗಳಿಗೆ, ಸಕ್ಕರೆಯ ಉದಾಹರಣೆ ಬಂತು. 1850ರಲ್ಲಿ ವಿಲ್ಹೆಲ್ಮಿ ಎಂಬ ಜರ್ಮನ್ ವಿಜ್ಞಾನಿ ಆಮ್ಲದಲ್ಲಿ ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುವುದನ್ನು ಧ್ರುವೀಕೃತ ಬೆಳಕಿನ ಸಹಾಯದಿಂದ ಅಳೆದು, ವೇಗ ಉಳಿದಿರುವ ಸಕ್ಕರೆಗೆ ಅನುಗುಣವಾಗಿದೆ ಎಂದು ಕಂಡುಕೊಂಡದ್ದನ್ನು ಹೇಳಿ, ಕುಕ್ಕುವಾಡದ ಸಕ್ಕರೆ ಕಾರ್ಖಾನೆಯನ್ನು ನೋಡಿದವರು ಯಾರಿದ್ದೀರಿ ಎಂದು ಕೇಳಿದರು. ಭದ್ರಾ ನಾಲೆಯ ಕೆಳಗಿನ ಊರುಗಳ ಮಕ್ಕಳು ಕೈಯೆತ್ತಿದರು. ಕಬ್ಬಿನ ಹಾಲಿಗೆ ಸುಣ್ಣ ಹಾಕುವುದಕ್ಕೆ ಇರುವ ಕಾರಣಗಳಲ್ಲಿ ಒಂದು ಇದೇ ಕ್ರಿಯೆಯನ್ನು ತಡೆಯುವುದು ಎಂದಾಗ ಅವರ ಮುಖದಲ್ಲಿ ಕಂಡ ಆಸಕ್ತಿ ಸೂತ್ರ ಬರೆಯುವಾಗ ಇರಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಲ್ಲಿ ಬಹಳ ಮಂದಿ ಇದ್ದಾರೆ. ಮೇಡಂ ಪರೀಕ್ಷೆಗೆ ಬೇಕಾದ ಪದಗಳನ್ನು ಇಂಗ್ಲಿಷಿನಲ್ಲಿಯೇ ಉಳಿಸಿಕೊಂಡು ವಿವರಣೆಯನ್ನೆಲ್ಲ ಕನ್ನಡದಲ್ಲಿ ಕೊಡುವುದರಿಂದ ಇವರಿಗೆ ಪ್ರಶ್ನೆ ಕೇಳುವ ಧೈರ್ಯ ಬಂದಿದೆ.

ಇನ್ನು ಕುಂದುಗಳು. ಜೆರಾಕ್ಸ್ ಮಾಡಿ ಕೊಡುವ ನೋಟ್ಸನ್ನು ಯಾರಾದರೂ ಕೂತು ತಿದ್ದಬೇಕು. ಎರಡನೆಯ ಆರ್ಡರಿನ ವೇಗ ಸ್ಥಿರಾಂಕದ (ವೇಗ ನಿಯಮದಲ್ಲಿ ಸಾರತೆಗಳನ್ನು ಗುಣಿಸುವ ಸ್ಥಿರ ಸಂಖ್ಯೆಯ) ಏಕಮಾನವನ್ನು ಅದರಲ್ಲಿ ಲೀಟರಿಗೆ ಇಷ್ಟು ಮೋಲ್, ಸೆಕೆಂಡಿಗೆ ಎಂದು ಮುದ್ರಿಸಲಾಗಿದೆ, ಅದು ಶೂನ್ಯ ಆರ್ಡರಿನದು. ಎರಡನೆಯದಕ್ಕೆ ಮೋಲಿಗೆ ಇಷ್ಟು ಲೀಟರ್, ಸೆಕೆಂಡಿಗೆ ಎಂದಿರಬೇಕು. ತರಗತಿಯಲ್ಲಿ ಮೇಡಂ ಸರಿಯಾಗಿಯೇ ಹೇಳಿದರು, ಆದರೆ ಅಂದು ಬಾರದೆ ನೋಟ್ಸನ್ನಷ್ಟೇ ನೆಚ್ಚಿಕೊಂಡ ಮಗುವಿಗೆ ಒಂದು ಅಂಕ ಹೋದಂತೆಯೇ. ಗ್ರಾಫುಗಳಿಗೆ ಕೊಟ್ಟ ಸಮಯವೂ ಸಾಲದು. ಸಾರತೆಯ ಲಾಗರಿದಂ ಹಾಗೂ ಕಾಲದ ನಡುವಿನ ಗೆರೆ ನೇರವಾಗಿದ್ದರೆ ಮೊದಲ ಆರ್ಡರ್, ಸಾರತೆಯೇ ಕಾಲದೊಂದಿಗೆ ನೇರವಾಗಿ ಇಳಿದರೆ ಶೂನ್ಯ ಆರ್ಡರ್ ಎಂದು ಹೇಳಿದರೇ ಹೊರತು, ಗ್ರಾಫ್ ಹಾಳೆಯ ಮೇಲೆ ಚುಕ್ಕಿಯಿಟ್ಟು ಇಳಿಜಾರನ್ನು ಅಳೆದು ಸ್ಥಿರಾಂಕ ತೆಗೆಯುವುದನ್ನು ಮನೆಗೆಲಸಕ್ಕೆ ಬಿಟ್ಟರು. ಬೆಂಚುಗಳು ಇಕ್ಕಟ್ಟು, ಕರೆಂಟು ಹೋದರೆ ಫ್ಯಾನ್ ಇಲ್ಲ.

ಈ ಅಧ್ಯಾಯಕ್ಕೆ ಒಟ್ಟು 1,200 ರೂಪಾಯಿ ತೆಗೆದುಕೊಳ್ಳುತ್ತಾರೆ, ಪ್ರಯೋಗದ ಸಾಮಗ್ರಿಯೂ ಅದರಲ್ಲಿಯೇ ಸೇರಿದೆ. ಪಾಠ ಮಧ್ಯಾಹ್ನಕ್ಕೆ ಮುಂಚೆ ಮುಗಿಯುವುದರಿಂದ ಹರಿಹರ, ಜಗಳೂರು, ಚನ್ನಗಿರಿ ಕಡೆಯಿಂದ ಬರುವವರಿಗೆ ಬಸ್ಸಿನ ಚಿಂತೆಯಿಲ್ಲ. ಕೇವಲ ಬಹುಆಯ್ಕೆಯ ಪ್ರಶ್ನೆಗಳನ್ನು ರಾಶಿ ರಾಶಿಯಾಗಿ ಬಿಡಿಸುವ ಅಭ್ಯಾಸ ಬೇಕೆನ್ನುವವರಿಗೆ ಈ ಜಾಗ ಹಿಡಿಸಲಿಕ್ಕಿಲ್ಲ, ಅವರು ಬೇರೆಡೆ ಹೋಗುವುದೇ ಲೇಸು. ಸೂತ್ರ ಗೊತ್ತಿದ್ದೂ ಪ್ರಶ್ನೆಯ ರೂಪ ಸ್ವಲ್ಪ ಬದಲಾದರೆ ತಡವರಿಸುವ ಮಕ್ಕಳನ್ನು ಮಾತ್ರ ಹಿಂದುಮುಂದು ನೋಡದೆ ಸೇರಿಸಬಹುದು. ಜೆಇಇಗೆ ತಯಾರಾಗುತ್ತಿರುವವರು ಸಮತೋಲದಿಂದ ಆರಂಭವಾಗುವ ಮೆಕ್ಯಾನಿಸಂಗಳ ಕೆಲವು ಲೆಕ್ಕಗಳನ್ನು ಮೊದಲೇ ಬರೆದುಕೊಂಡು ಹೋಗಿ, ಪಾಠ ಮುಗಿದ ಮೇಲೆ ನಿಂತು ಕೇಳಬೇಕು. ಹಾಗೆ ಕೇಳಿದ ಮಕ್ಕಳನ್ನು ಮೇಡಂ ಎಂದೂ ಬರಿಗೈಯಲ್ಲಿ ಕಳುಹಿಸಿದ್ದನ್ನು ನಾನು ನೋಡಲಿಲ್ಲ. ಸೀಟುಗಳು ಬೇಗ ತುಂಬುವುದರಿಂದ, ಕಾಲೇಜಿನಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ ನಡೆಯುತ್ತಿರುವಾಗಲೇ ಹೋಗಿ ಹೆಸರು ಬರೆಸಿ ಬರುವುದು ಒಳ್ಳೆಯದು.